ವಿಲ್ಲೋಬಿ ವಾಲೇಸ್ ಹೂಪರ್

ವಿಲ್ಲೋಬಿ ವಾಲೇಸ್ ಹೂಪರ್ (1837–1912) ಬ್ರಿಟಿಷ್ ಸೇನಾಧಿಕಾರಿ ಹಾಗೂ ಛಾಯಾಗ್ರಾಹಕರು. 1876–78ರ ಮಹಾಕ್ಷಾಮದ ಅವರ ಛಾಯಾಚಿತ್ರಗಳು ದಕ್ಷಿಣ ಭಾರತದ ಹಸಿವಿಗೆ ಇಂದಿಗೂ ದೃಶ್ಯಸಾಕ್ಷ್ಯವಾಗಿವೆ. ನೊಂದವರ ಚಿತ್ರ ತೆಗೆಯುವವರ ಹೊಣೆಯೇನು ಎಂಬ ಚರ್ಚೆಯೊಂದಿಗೂ ಅವರ ಹೆಸರು ಸೇರಿಕೊಂಡಿದೆ.

ಆರಂಭಿಕ ಜೀವನ

ಲಂಡನ್ನಿನಲ್ಲಿ ಜನಿಸಿದ ಹೂಪರ್, ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಕೆಲಸ ಮಾಡಿ, 1858ರಲ್ಲಿ ಮದ್ರಾಸ್ ಅಶ್ವದಳವನ್ನು ಸೇರಿದರು. 1860ರ ದಶಕದಲ್ಲಿ ಮಧ್ಯ ಪ್ರಾಂತ್ಯಗಳ ಜನಸಮುದಾಯಗಳ ಚಿತ್ರಗಳನ್ನು ತೆಗೆದರು. ಇವುಗಳಲ್ಲಿ ಕೆಲವು, 1868 ಮತ್ತು 1875ರ ನಡುವೆ ಎಂಟು ಸಂಪುಟಗಳಲ್ಲಿ ಪ್ರಕಟವಾದ 'ದಿ ಪೀಪಲ್ ಆಫ್ ಇಂಡಿಯಾ' ಗ್ರಂಥದಲ್ಲಿವೆ.

ಕ್ಷಾಮದ ಚಿತ್ರಗಳು

ಮದ್ರಾಸ್ ಪ್ರೆಸಿಡೆನ್ಸಿ ಹಾಗೂ ಮೈಸೂರು ಸಂಸ್ಥಾನಗಳನ್ನು ಕಾಡಿದ ಈ ಕ್ಷಾಮವು ಕನ್ನಡ ನಾಡಿನಲ್ಲಿ ಧಾತು-ಈಶ್ವರ ಸಂವತ್ಸರಗಳ ಬರವೆಂದು ಪ್ರಸಿದ್ಧವಾಗಿದೆ. ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಮೈಸೂರಿನ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದುದು 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿಯಿತು.

ಹೂಪರ್ ಮದ್ರಾಸ್ ಪ್ರಾಂತ್ಯದಲ್ಲಿ ಎಲುಬು ಕಾಣುವಷ್ಟು ಕೃಶರಾದ ಕುಟುಂಬಗಳನ್ನು ಗುಂಪಾಗಿ ಕೂರಿಸಿ ಚಿತ್ರಿಸಿದರು. ಅಂದಿನ ಪತ್ರಿಕೆಗಳಲ್ಲಿ ಛಾಯಾಚಿತ್ರಗಳನ್ನು ನೇರವಾಗಿ ಮುದ್ರಿಸಲು ಆಗುತ್ತಿರಲಿಲ್ಲ. ಮರದ ಅಚ್ಚಿನಲ್ಲಿ ಕೆತ್ತಿದ ಚಿತ್ರಗಳೇ ಅಚ್ಚಾಗುತ್ತಿದ್ದವು. ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದಿದ್ದ ಜನರ ಅಂತಹ ಒಂದು ಚಿತ್ರ 1877ರ ಅಕ್ಟೋಬರ್‌ನಲ್ಲಿ 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್'ನಲ್ಲಿ ಪ್ರಕಟವಾಯಿತು. ಅದೇ ವರ್ಷ ಲಂಡನ್ನಿನ ಮ್ಯಾನ್ಷನ್ ಹೌಸ್‌ನಲ್ಲಿ ಸಾರ್ವಜನಿಕ ಪರಿಹಾರ ನಿಧಿಯ ಸಂಗ್ರಹವೂ ನಡೆಯಿತು.

ಹಸಿದವರ ಚಿತ್ರ ತೆಗೆದು, ನೆರವು ನೀಡದೆ ಕಳುಹಿಸಿದರೆಂಬ ಆರೋಪ ಹೂಪರ್ ಮೇಲೆ ಬಂದಿತು. ಈ ಚಿತ್ರಗಳಿಗೆ ಮತ್ತೊಂದು ಮಿತಿಯೂ ಉಂಟು. ಅವು ಬಡಕಲು ದೇಹಗಳನ್ನು ತೋರಿಸುತ್ತವೆಯೇ ಹೊರತು, ಬರದ ನಡುವೆಯೂ ಮುಂದುವರಿದ ಧಾನ್ಯ ರಫ್ತನ್ನಾಗಲಿ, ಪರಿಹಾರ ಶಿಬಿರಗಳ ಅಲ್ಪ ಕೂಲಿಯನ್ನಾಗಲಿ ತೋರಿಸುವುದಿಲ್ಲ. ಹೀಗಾಗಿ ನೋಡುಗರಿಗೆ ಕ್ಷಾಮವು ಕೇವಲ ಪ್ರಕೃತಿಯ ಮುನಿಸಾಗಿ ಕಾಣುವ ಸಾಧ್ಯತೆಯಿತ್ತು.

ಮಂಡಾಲೆ ಪ್ರಕರಣ

ಮೂರನೆಯ ಬರ್ಮಾ ಯುದ್ಧದ ಕಾಲದಲ್ಲಿ ಹೂಪರ್ ಮಂಡಾಲೆಯಲ್ಲಿ ಸೇನೆಯ ಪ್ರೊವೊಸ್ಟ್ ಮಾರ್ಷಲ್ ಆಗಿದ್ದರು. ಕೈದಿಗಳನ್ನು ಗುಂಡಿಟ್ಟು ಕೊಲ್ಲುವ ಕ್ಷಣವನ್ನು ಸೆರೆಹಿಡಿಯಲು ಗುಂಡು ಹಾರಿಸುವ ಆಜ್ಞೆಯನ್ನು ತಡೆಹಿಡಿದರೆಂಬ ವರದಿ 1886ರ ಜನವರಿಯಲ್ಲಿ 'ದಿ ಟೈಮ್ಸ್' ಪತ್ರಿಕೆಯ ಮೂಲಕ ಬ್ರಿಟನ್ ತಲುಪಿತು. ವಿಷಯ ಸಂಸತ್ತಿನಲ್ಲಿಯೂ ಪ್ರಸ್ತಾಪವಾಗಿ, ವಿಚಾರಣೆಯ ಬಳಿಕ ಅವರಿಗೆ ಛೀಮಾರಿ ಹಾಕಲಾಯಿತು. 1887ರಲ್ಲಿ ಅವರ ಬರ್ಮಾದ ನೂರು ಛಾಯಾಚಿತ್ರಗಳ ಸಂಪುಟ ಪ್ರಕಟವಾಯಿತು.

ಪರಂಪರೆ

ಹೂಪರ್ 1912ರಲ್ಲಿ ಇಂಗ್ಲೆಂಡಿನಲ್ಲಿ ನಿಧನರಾದರು. ಅವರ ಕ್ಷಾಮಚಿತ್ರಗಳು ಇಂದು ವಸಾಹತುಶಾಹಿ ಆಡಳಿತದ ವಿಮರ್ಶೆಗೆ ಸಾಕ್ಷ್ಯವಾಗಿ ಬಳಕೆಯಾಗುತ್ತಿವೆ. ಅವುಗಳಲ್ಲಿರುವ ಜನರ ಹೆಸರುಗಳು ಮಾತ್ರ ದಾಖಲಾಗಿಲ್ಲ.