ಕ್ರೂಸ್ ಕಂಟ್ರೋಲ್ ಕಂಡುಹಿಡಿದವರಿಗೆ ಕಣ್ಣೇ ಕಾಣುತ್ತಿರಲಿಲ್ಲ: ಈ ಫಾರ್ವರ್ಡ್ ನಿಜವೇ?

ಕಾರಿನ ಕ್ರೂಸ್ ಕಂಟ್ರೋಲ್ ಬಗ್ಗೆ ವಾಟ್ಸಾಪ್‌ನಲ್ಲಿ ಸುತ್ತುವ ಎರಡು ಸಂದೇಶಗಳು ನಿಮಗೂ ಬಂದಿರಬಹುದು. ಒಂದು, ಅದನ್ನು ಕಂಡುಹಿಡಿದ ಎಂಜಿನಿಯರ್ ಪೂರ್ತಿ ಕುರುಡರು ಎಂಬುದು. ಇನ್ನೊಂದು, ಮಳೆಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಿದರೆ ಕಾರು ವಿಮಾನದ ಹಾಗೆ ನೆಲ ಬಿಟ್ಟು ಹಾರುತ್ತದೆ ಎಂಬುದು. ಮೊದಲನೆಯದನ್ನು ಹೆಚ್ಚಿನವರು ನಂಬುವುದಿಲ್ಲ, ಎರಡನೆಯದನ್ನು ನಂಬಿ ಹತ್ತು ಜನಕ್ಕೆ ಕಳಿಸುತ್ತಾರೆ. ಆದರೆ ನಂಬಲಾಗದ ಮೊದಲನೆಯದು ಪೂರ್ತಿ ನಿಜ, ಎರಡನೆಯದು ಅರ್ಧ ಮಾತ್ರ ನಿಜ. ಭದ್ರಾವತಿ, ಶಿವಮೊಗ್ಗದಂಥ ಮಳೆ ಊರಿನಲ್ಲಿ ಕಾರು ಓಡಿಸುವವರು ಎರಡನ್ನೂ ತಿಳಿದಿರುವುದು ಒಳ್ಳೆಯದು.

ಯಾರು ಆ ಎಂಜಿನಿಯರ್?

ಅವರ ಹೆಸರು ರಾಲ್ಫ್ ಟೀಟರ್. ಹುಟ್ಟಿದ್ದು 1890ರ ಆಗಸ್ಟ್ 17ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಹೇಗರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ. ಐದನೇ ವಯಸ್ಸಿನಲ್ಲಿ ಚಾಕು ತಗುಲಿ ಒಂದು ಕಣ್ಣಿಗೆ ಗಾಯವಾಯಿತು. ಸ್ವಲ್ಪ ಕಾಲದಲ್ಲೇ ಇನ್ನೊಂದು ಕಣ್ಣೂ ಹೋಯಿತು. ಗಾಯವಾಗದ ಕಣ್ಣು ಯಾಕೆ ಹೋಗಬೇಕು ಎಂದು ನಿಮಗೆ ಅನ್ನಿಸಬಹುದು. ಒಂದು ಕಣ್ಣಿಗೆ ಆಳವಾದ ಪೆಟ್ಟಾದಾಗ, ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ತಪ್ಪಿ ಚೆನ್ನಾಗಿರುವ ಇನ್ನೊಂದು ಕಣ್ಣಿನ ಮೇಲೂ ದಾಳಿ ಮಾಡುವುದುಂಟು. ಇದು ಅಪರೂಪದ ಕಾಯಿಲೆ. ಇವತ್ತು ಇದಕ್ಕೆ ಔಷಧವಿದೆ, ಆಗ ಇರಲಿಲ್ಲ. ಅದಕ್ಕೇ ಮಕ್ಕಳ ಕಣ್ಣಿಗೆ ಚೂಪಾದ ವಸ್ತು ತಗುಲಿದರೆ ಮನೆಮದ್ದು ಮಾಡುತ್ತಾ ಕೂರದೆ ಆ ದಿನವೇ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು.

ಟೀಟರ್ ಮನೆಯವರು ಮಗನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಮನೆತನದ ಕಸುಬೇ ಯಂತ್ರ. ರೈಲು ಹಳಿ ತಪಾಸಣೆಗೆ ಬಳಸುವ ಸಣ್ಣ ಗಾಡಿಗಳನ್ನು ಅವರ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದರು. ಹುಡುಗ ಆ ಯಂತ್ರಗಳನ್ನು ಮುಟ್ಟಿ, ಬಿಚ್ಚಿ, ಜೋಡಿಸಿಯೇ ಕಲಿತ. ಹನ್ನೆರಡನೇ ವಯಸ್ಸಿಗೆ ಸಂಬಂಧಿ ಹುಡುಗನೊಬ್ಬನ ಜೊತೆ ಸೇರಿ ಪೆಟ್ರೋಲ್‌ನಲ್ಲಿ ಓಡುವ ಒಂದು ಸಣ್ಣ ಕಾರನ್ನೇ ಕಟ್ಟಿದ.

ಎಂಜಿನಿಯರಿಂಗ್ ಓದಬೇಕೆಂದು ಹೊರಟಾಗ ಕಣ್ಣಿಲ್ಲದ ಹುಡುಗನನ್ನು ಸೇರಿಸಿಕೊಳ್ಳಲು ಕಾಲೇಜುಗಳು ಹಿಂಜರಿದವು. ಕೊನೆಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಒಪ್ಪಿತು. 1912ರಲ್ಲಿ ಅವರು ಅಲ್ಲಿಂದ ಮೆಕ್ಯಾನಿಕಲ್ ಎಂಜಿನಿಯರ್ ಆಗಿ ಹೊರಬಂದರು.

ಬೆರಳೇ ಕಣ್ಣು

ಭದ್ರಾವತಿಯಲ್ಲಿ ಲೇತ್ ಮುಂದೆ ನಿಂತು ವರ್ಷಗಟ್ಟಲೆ ಕೆಲಸ ಮಾಡಿದ ಯಾರನ್ನಾದರೂ ಕೇಳಿ ನೋಡಿ. ಕಣ್ಣಿಗೆ ಕಾಣದ ಗೀರು ಬೆರಳಿಗೆ ಸಿಗುತ್ತದೆ, ಬೇರಿಂಗ್ ಕೆಟ್ಟಿರುವುದು ಕೈಗೆ ತಗಲುವ ನಡುಕದಲ್ಲಿ ಗೊತ್ತಾಗುತ್ತದೆ. ಟೀಟರ್ ಅವರಲ್ಲಿ ಈ ಶಕ್ತಿ ಬಹಳ ಬೆಳೆದಿತ್ತು.

ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅದು ದೊಡ್ಡ ಕೆಲಸಕ್ಕೆ ಬಂತು. ಅಮೆರಿಕದ ಯುದ್ಧನೌಕೆಗಳ ಉಗಿ ಟರ್ಬೈನ್‌ಗಳಲ್ಲಿ ತಿರುಗುವ ಭಾರವಾದ ರೋಟರ್‌ಗಳನ್ನು ಸಮತೋಲನ ಮಾಡುವುದು ಕಷ್ಟವಾಗಿತ್ತು. ಒಂದು ಕಡೆ ಸ್ವಲ್ಪ ತೂಕ ಹೆಚ್ಚಾದರೂ ಜೋರಾಗಿ ತಿರುಗುವಾಗ ಇಡೀ ಯಂತ್ರ ನಡುಗುತ್ತದೆ. ವಾಷಿಂಗ್ ಮಷೀನ್‌ನಲ್ಲಿ ಬಟ್ಟೆ ಒಂದೇ ಬದಿಗೆ ಸೇರಿದಾಗ ಅದು ಕುಣಿಯುತ್ತದಲ್ಲ, ಹಾಗೆ. ಟೀಟರ್ ಹಡಗುಕಟ್ಟೆಯಲ್ಲಿ ಕೆಲಸ ಮಾಡಿ ಆ ರೋಟರ್‌ಗಳನ್ನು ಸಮತೋಲನ ಮಾಡುವ ವಿಧಾನ ರೂಪಿಸಿಕೊಟ್ಟರು.

ಆಮೇಲೆ ಮನೆತನದ ಕಂಪನಿಗೇ ಮರಳಿದರು. ಅಷ್ಟರಲ್ಲಿ ಅದು ಎಂಜಿನ್‌ನ ಪಿಸ್ಟನ್ ರಿಂಗ್ ತಯಾರಿಸುವ ಕಂಪನಿಯಾಗಿತ್ತು. ಪರ್ಫೆಕ್ಟ್ ಸರ್ಕಲ್ ಎಂಬ ಹೆಸರಿನ ಆ ಕಂಪನಿಗೆ ಮುಂದೆ ಅವರೇ ಅಧ್ಯಕ್ಷರಾದರು. 1936ರಲ್ಲಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಅವರನ್ನು ತನ್ನ ಅಧ್ಯಕ್ಷರನ್ನಾಗಿ ಆರಿಸಿತು.

ಕ್ರೂಸ್ ಕಂಟ್ರೋಲ್ ಹೊಳೆದದ್ದು ಹೇಗೆ?

ಟೀಟರ್ ಯಾವಾಗಲೂ ಬೇರೆಯವರು ಓಡಿಸುವ ಕಾರಿನಲ್ಲೇ ಕೂರಬೇಕು. ಅವರ ವಕೀಲರೊಬ್ಬರಿಗೆ ಒಂದು ಅಭ್ಯಾಸವಿತ್ತಂತೆ: ಮಾತಾಡುವಾಗ ಕಾರು ನಿಧಾನ, ಮಾತು ಕೇಳುವಾಗ ಜೋರು. ಕಣ್ಣಿರುವವರು ಹೊರಗೆ ನೋಡುತ್ತಾ ಈ ಎಳೆದಾಟವನ್ನು ಮರೆಯುತ್ತಾರೆ. ಟೀಟರ್ ಅವರಿಗೆ ಪ್ರತಿ ಜಗ್ಗಾಟವೂ ಮೈಗೆ ತಗಲುತ್ತಿತ್ತು. ಆ ಕಿರಿಕಿರಿಯಿಂದಲೇ ಈ ಯೋಚನೆ ಹುಟ್ಟಿತು ಎಂಬುದು ಬಹಳ ಕಡೆ ಹೇಳುವ ಕಥೆ.

ಇನ್ನೊಂದು ಕಾರಣವೂ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಟೈರ್ ಮತ್ತು ಇಂಧನ ಉಳಿಸಲು ಅಮೆರಿಕದಲ್ಲಿ ವೇಗಕ್ಕೆ ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿಲೋಮೀಟರ್ ಮಿತಿ ಹಾಕಿದ್ದರು. ಎಲ್ಲ ಕಾರುಗಳೂ ಒಂದೇ ಹದದ ವೇಗದಲ್ಲಿ ಹೋದರೆ ಅಪಘಾತವೂ ಕಡಿಮೆ ಎಂಬುದು ಟೀಟರ್ ಅವರ ಲೆಕ್ಕವಾಗಿತ್ತು.

ಅವರು ತಮ್ಮ ಉಪಕರಣದ ಪೇಟೆಂಟ್‌ಗೆ 1945ರಲ್ಲಿ ಅರ್ಜಿ ಹಾಕಿದರು, ಅದು 1950ರ ಆಗಸ್ಟ್ 22ರಂದು ಸಿಕ್ಕಿತು. ಮೊದಲ ಮಾದರಿ ತುಂಬ ಸರಳ. ಚಕ್ರದ ಜೊತೆ ತಿರುಗುವ ಸಣ್ಣ ತೂಕಗಳು ವೇಗ ಹೆಚ್ಚಿದಂತೆ ಹೊರಕ್ಕೆ ಸರಿಯುತ್ತವೆ. ನೀವು ನಿಗದಿ ಮಾಡಿದ ವೇಗ ಬಂದ ಕೂಡಲೇ ಆಕ್ಸಿಲರೇಟರ್ ಪೆಡಲ್ ನಿಮ್ಮ ಕಾಲನ್ನು ಮೇಲಕ್ಕೆ ತಳ್ಳುತ್ತದೆ. ಓವರ್‌ಟೇಕ್ ಮಾಡಬೇಕಾದರೆ ಜೋರಾಗಿ ಒತ್ತಬಹುದು. ಪೆಡಲ್ಲನ್ನು ತಾನೇ ಹಿಡಿದಿಡುವ ವ್ಯವಸ್ಥೆ ಆಮೇಲೆ ಸೇರಿತು. 1958ರ ಮಾದರಿಯ ಕ್ರೈಸ್ಲರ್ ಕಂಪನಿಯ ದುಬಾರಿ ಕಾರುಗಳಲ್ಲಿ ಅದು ಆಟೋ ಪೈಲಟ್ ಎಂಬ ಹೆಸರಿನಲ್ಲಿ ಬಂತು. ಕ್ರೂಸ್ ಕಂಟ್ರೋಲ್ ಎಂಬ ಹೆಸರು ಕ್ಯಾಡಿಲ್ಯಾಕ್ ಕಾರುಗಳಿಂದ ಜನರ ಬಾಯಿಗೆ ಬಿತ್ತು. 1973ರಲ್ಲಿ ತೈಲದ ಬಿಕ್ಕಟ್ಟು ಬಂದ ಮೇಲೆ ಇಂಧನ ಉಳಿಸುವ ಸಾಧನವೆಂದು ಅದಕ್ಕೆ ಬೇಡಿಕೆ ಏರಿತು.

ಟೀಟರ್ 1982ರ ಫೆಬ್ರವರಿಯಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಾಗಾದರೆ ಎಲ್ಲವೂ ಅವರದೇ ಯೋಚನೆಯೇ?

ಫಾರ್ವರ್ಡ್‌ಗಳು ಇಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತವೆ. ತಿರುಗುವ ತೂಕಗಳಿಂದ ವೇಗ ಹಿಡಿದಿಡುವ ಗವರ್ನರನ್ನು ಜೇಮ್ಸ್ ವಾಟ್ 1788ರಲ್ಲೇ ಉಗಿಯಂತ್ರಕ್ಕೆ ಅಳವಡಿಸಿದ್ದರು. 1900ರ ದಶಕದ ಕೆಲವು ಕಾರುಗಳಲ್ಲೂ ಎಂಜಿನ್ ಗವರ್ನರ್ ಇತ್ತು. ಟೀಟರ್ ಮಾಡಿದ್ದು, ಅದೇ ತತ್ವವನ್ನು ಸಾಮಾನ್ಯ ಚಾಲಕನ ಕಾಲಿಗೆ ಒದಗುವಂತೆ ಮಾಡಿದ್ದು.

ಅಳತೆ ಮಾಡು, ಹೆಚ್ಚಾದರೆ ತಗ್ಗಿಸು, ಕಡಿಮೆಯಾದರೆ ಏರಿಸು: ತತ್ವ ಇಷ್ಟೇ. ಭದ್ರಾವತಿಯವರಿಗೆ ಇದು ಹೊಸದಲ್ಲ. 1923ರಿಂದ 1929ರವರೆಗೆ ಇಲ್ಲಿನ ಕಬ್ಬಿಣದ ಕಾರ್ಖಾನೆಯನ್ನು ಮುನ್ನಡೆಸಿದ ಸರ್ ಎಂ. ವಿಶ್ವೇಶ್ವರಯ್ಯನವರು, ಅದಕ್ಕೂ ಮೊದಲು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಸ್ವಯಂಚಾಲಿತ ಗೇಟುಗಳನ್ನು ಹಾಕಿಸಿದ್ದರು. ನೀರು ಗೊತ್ತಾದ ಮಟ್ಟ ಮೀರಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಅಲ್ಲಿ ಹದ್ದುಬಸ್ತಿಗೆ ಬಂದದ್ದು ನೀರಿನ ಮಟ್ಟ, ಕಾರಿನಲ್ಲಿ ವೇಗ.

ಮಳೆಯಲ್ಲಿ ಕಾರು ಹಾರುತ್ತದೆಯೇ?

ಹಾರುವುದಿಲ್ಲ. ಆದರೆ ಜಾರುತ್ತದೆ. ರಸ್ತೆಯಲ್ಲಿ ನೀರು ನಿಂತಿರುವಾಗ ವೇಗವಾಗಿ ಹೋದರೆ ಟೈರ್ ಮತ್ತು ರಸ್ತೆಯ ನಡುವೆ ನೀರಿನ ಪದರ ಸೇರಿ ಹಿಡಿತ ತಪ್ಪುತ್ತದೆ. ಇದು ಕ್ರೂಸ್ ಕಂಟ್ರೋಲ್ ಇಲ್ಲದಿದ್ದರೂ ಆಗುತ್ತದೆ. ಸವೆದ ಟೈರ್ ಆದರೆ ಇನ್ನೂ ಬೇಗ.

ಆದರೂ ಮಳೆಯಲ್ಲಿ ಅದನ್ನು ಬಳಸಬೇಡಿ ಎಂದು ಕಾರಿನ ಕೈಪಿಡಿಗಳೇ ಹೇಳುವುದು ಸುಮ್ಮನೆ ಅಲ್ಲ. ನೀವು ಓಡಿಸುತ್ತಿದ್ದರೆ ನೀರು ಕಂಡ ಕೂಡಲೇ ಕಾಲು ಸಡಿಲವಾಗುತ್ತದೆ. ಯಂತ್ರಕ್ಕೆ ಮುಂದಿನ ನೀರು ಗೊತ್ತಾಗುವುದಿಲ್ಲ, ವೇಗ ಉಳಿಸಿಕೊಳ್ಳಲು ಎಂಜಿನ್‌ಗೆ ಇನ್ನಷ್ಟು ಇಂಧನ ಕೊಡುತ್ತದೆ. ಹೊಸ ಕಾರುಗಳಲ್ಲಿ ಚಕ್ರ ಜಾರಿದ್ದು ತಿಳಿದರೆ ಕ್ರೂಸ್ ಕಂಟ್ರೋಲ್ ತಾನೇ ಕಳಚಿಕೊಳ್ಳುವ ವ್ಯವಸ್ಥೆ ಸಾಮಾನ್ಯ, ಆದರೆ ಅದು ಜಾರಿದ ಮೇಲಿನ ಮಾತು.

ನಮ್ಮ ರಸ್ತೆಗಳಲ್ಲಿ ಬಳಸಬಹುದೇ?

ಬೆಂಗಳೂರು–ಹೊನ್ನಾವರ ರಸ್ತೆ, ಅಂದರೆ ನಮ್ಮ ಬಿ.ಎಚ್. ರಸ್ತೆ ಭದ್ರಾವತಿ ಊರೊಳಗೇ ಹಾಯುತ್ತದೆ. ಬಸ್ಸು, ಬೈಕು, ಆಟೋ, ದನ, ಹಂಪ್ ಎಲ್ಲವೂ ಇರುವ ಕಡೆ ಕ್ರೂಸ್ ಕಂಟ್ರೋಲ್ ಬೇಡವೇ ಬೇಡ. ಆಗುಂಬೆಯಂಥ ಘಾಟಿಯ ತಿರುವುಗಳಲ್ಲೂ ಬೇಡ.

ಒಂದು ಲೆಕ್ಕ ನೋಡಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಹೋಗುತ್ತದೆ. ಕಾಲು ಮಡಚಿ ಆರಾಮಾಗಿ ಕೂತಿದ್ದು, ಬ್ರೇಕ್‌ಗೆ ಕಾಲು ತರುವುದು ಅರ್ಧ ಸೆಕೆಂಡ್ ತಡವಾದರೆ ಕಾರು 11 ಮೀಟರ್ ಮುಂದೆ ಹೋಗಿರುತ್ತದೆ. ಅಡ್ಡ ಬಂದ ಬೈಕಿನವನಿಗೆ ಆ 11 ಮೀಟರೇ ಪ್ರಾಣ.

ನೆನಪಿಡಬೇಕಾದ್ದು:

ವಿಭಜಕ ಇರುವ, ಒಣಗಿದ, ಖಾಲಿ ಹೆದ್ದಾರಿಯಲ್ಲಿ ಮಾತ್ರ ಬಳಸಿ. ಪಾದ ಪೆಡಲ್‌ಗಳ ಹತ್ತಿರವೇ ಇರಲಿ.

ಬ್ರೇಕ್ ಮುಟ್ಟಿದರೆ ಕ್ರೂಸ್ ಕಂಟ್ರೋಲ್ ಬಿಡುತ್ತದೆ. ಬ್ರೇಕ್ ಕೆಲಸ ಮಾಡುವುದಿಲ್ಲ ಎಂಬುದು ಸುಳ್ಳು.

ಸಾಮಾನ್ಯ ಕ್ರೂಸ್ ಕಂಟ್ರೋಲ್ ಮುಂದಿನ ವಾಹನವನ್ನು ನೋಡುವುದಿಲ್ಲ. ರಾಡಾರ್ ಇರುವ ಹೊಸ ಬಗೆಯದ್ದು ಅಂತರ ಕಾಯುತ್ತದೆ. ಆದರೆ ದನ, ಪಾದಚಾರಿ, ಅಡ್ಡ ಬರುವ ಬೈಕಿನ ವಿಷಯದಲ್ಲಿ ಅದನ್ನೂ ನಂಬಿ ಕೂರಬಾರದು.

ಸಮತಟ್ಟಾದ ರಸ್ತೆಯಲ್ಲಿ ಇಂಧನ ಉಳಿಯಬಹುದು. ಏರುತಗ್ಗಿನಲ್ಲಿ ಲಾಭವಿಲ್ಲ.

ನಿದ್ದೆ ಬರುತ್ತಿದ್ದರೆ ಕ್ರೂಸ್ ಕಂಟ್ರೋಲ್ ಪರಿಹಾರವಲ್ಲ. ಕಾರು ನಿಲ್ಲಿಸುವುದೇ ಪರಿಹಾರ.

ಕಣ್ಣು ಕಾಣದ ಟೀಟರ್ ರಸ್ತೆಯ ಪ್ರತಿ ಜಗ್ಗಾಟವನ್ನೂ ಮೈಯೆಲ್ಲ ಕಿವಿಯಾಗಿ ಗಮನಿಸುತ್ತಿದ್ದರು. ಅವರು ಮಾಡಿಕೊಟ್ಟ ಸಾಧನ ನಿಮ್ಮ ಕಾಲಿಗೆ ಬಿಡುವು ಕೊಡುತ್ತದೆ, ಕಣ್ಣಿಗಲ್ಲ. ಮುಂದಿನ ಬಾರಿ ಆ ಫಾರ್ವರ್ಡ್ ಬಂದರೆ ಈ ಮಾತನ್ನೂ ಜೊತೆಗೆ ಸೇರಿಸಿ ಕಳಿಸಿ.