ಅಶ್ವವಿದ್ಯಾನಿಪುಣ ವಿಷ್ಣುಪಂತ ಛತ್ರೆ

ಭಾರತೀಯ ಸರ್ಕಸ್ಸಿನ ಜನಕರೆನಿಸಿದ ವಿಷ್ಣುಪಂತ ಛತ್ರೆಯವರು ನಮ್ಮ ಸಾಂಗಲಿ ಜಿಲ್ಲೆಯ ಅಂಕಲಖೋಪದವರು. ಸಂಗೀತ ಕಲಿಯಲು ಗ್ವಾಲಿಯರಕ್ಕೆ ಹೋದವರು ಅಲ್ಲಿ ಬಾಬಾಸಾಹೇಬ ಆಪಟೆಯವರಿಂದ ಅಶ್ವವಿದ್ಯೆಯನ್ನೂ ಕಲಿತರು. ಮುಂದೆ, ನಮ್ಮ ಕುಪವಾಡಕ್ಕೆ ದೂರವಲ್ಲದ ಕುರುಂದವಾಡ ಸಂಸ್ಥಾನದ ಕುದುರೆಲಾಯಕ್ಕೆ ಮುಖ್ಯಸ್ಥರಾದರು.

ಮುಂಬಯಿಯಲ್ಲಿ ಸರ್ಕಸ್ ನಡೆಸುತ್ತಿದ್ದ ಇಟಲಿಯ ಕಿಯಾರಿನಿ, ಇಂಥ ಆಟ ಭಾರತೀಯರಿಗೆ ಸದ್ಯಕ್ಕೆ ಸಾಧ್ಯವಿಲ್ಲವೆಂದನಂತೆ. ಛತ್ರೆಯವರು ಪಣತೊಟ್ಟರು.

ಸವಾರಿಯ ಕುದುರೆಗೆ ಸರ್ಕಸ್ಸಿನ ಪಾಠ ಹೊಸದು. ಸುಮಾರು 13 ಮೀಟರ್ ಅಗಲದ ವರ್ತುಲದಲ್ಲಿ ಅದು ಒಂದೇ ವೇಗದಿಂದ ಸುತ್ತಬೇಕು. ಹೆಜ್ಜೆ ತಪ್ಪಿದರೆ ಬೆನ್ನಮೇಲೆ ನಿಂತವನು ಬೀಳುತ್ತಾನೆ. ದಿನವೂ ತಾಳ್ಮೆಯಿಂದ ಅದೇ ಪಾಠ ಕಲಿಸಿದರೇ ಕುದುರೆ ಪಳಗುವುದು.

ಛತ್ರೆಯವರು ಕುದುರೆಗಳನ್ನೂ ಕಲಾವಿದರನ್ನೂ ಸಿದ್ಧಪಡಿಸಿ 1880ರಲ್ಲಿ ‘ಗ್ರೇಟ್ ಇಂಡಿಯನ್ ಸರ್ಕಸ್’ ಆರಂಭಿಸಿದರು. ವಿದ್ಯಾರ್ಥಿಗಳೇ, ಅವಹೇಳನಕ್ಕೆ ಕಲಿತ ವಿದ್ಯೆಯೇ ಅವರ ಉತ್ತರವಾಯಿತು.