ಡೆನ್ನಿಸ್ ರಿಚಿ

ಒಂದೇ ಗಣಕಯಂತ್ರವನ್ನು ಹಲವರು ಬಳಸುವಲ್ಲಿ ಯಾರ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಒಂಬತ್ತೇ ಬಿಟ್‌ಗಳಲ್ಲಿ ಅಡಗುವಂತಹ ಉತ್ತರವನ್ನಿತ್ತ ಯೂನಿಕ್ಸ್ ವ್ಯವಸ್ಥೆಯ ನಿರ್ಮಾತೃಗಳಲ್ಲಿ ಡೆನ್ನಿಸ್ ರಿಚಿಯವರು ಪ್ರಮುಖರು.

ರಿಚಿಯವರು 1941ರ ಸೆಪ್ಟೆಂಬರ್ 9ರಂದು ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಬ್ರಾಂಕ್ಸ್‌ವಿಲ್‌ನಲ್ಲಿ ಜನಿಸಿದರು. ತಂದೆ ಬೆಲ್ ಪ್ರಯೋಗಾಲಯದ ವಿಜ್ಞಾನಿ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನವನ್ನೂ ಅನ್ವಯಿಕ ಗಣಿತವನ್ನೂ ವ್ಯಾಸಂಗ ಮಾಡಿ, 1967ರಲ್ಲಿ ಮಗನೂ ಅದೇ ಪ್ರಯೋಗಾಲಯವನ್ನು ಸೇರಿದರು. 1968ರಲ್ಲಿ ಪ್ರೌಢಪ್ರಬಂಧ ಸಿದ್ಧವಾಗಿತ್ತಾದರೂ ಡಾಕ್ಟರೇಟ್ ಪದವಿ ವಿಧಿವತ್ತಾಗಿ ಅವರ ಕೈಸೇರಲೇ ಇಲ್ಲ.

ಆಗ ಅಲ್ಲಿ ಮಲ್ಟಿಕ್ಸ್ ಎಂಬ ಬೃಹದ್ಯೋಜನೆ ನಡೆದಿತ್ತು. ಯಾವ ಕಡತದ ಮೇಲೆ ಯಾರಿಗೆ ಯಾವ ಅಧಿಕಾರವೆಂಬ ಪಟ್ಟಿಯನ್ನೇ ಕಡತಕ್ಕೆ ಲಗತ್ತಿಸುವ ಏರ್ಪಾಡು ಅದರಲ್ಲಿತ್ತು. 1969ರಲ್ಲಿ ಪ್ರಯೋಗಾಲಯವು ಆ ಯೋಜನೆಯಿಂದ ಹಿಂದೆ ಸರಿಯಿತು. ಅದೇ ವರ್ಷ ಸಹೋದ್ಯೋಗಿ ಕೆನ್ ಥಾಂಪ್ಸನ್ ಅವರು ಪುಟ್ಟ ಯಂತ್ರವೊಂದರಲ್ಲಿ ಆರಂಭಿಸಿದ ಕಾರ್ಯಕ್ಕೆ ರಿಚಿಯವರು ಕೈಜೋಡಿಸಿದರು. ಅದುವೇ ಯೂನಿಕ್ಸ್. ರಿಚಿಯವರು ರಚಿಸಿದ ಸಿ ಭಾಷೆಯಲ್ಲಿ 1973ರಲ್ಲಿ ಅದನ್ನು ಮತ್ತೆ ಬರೆಯಲಾಯಿತು.

ಇವರಿಬ್ಬರೂ 1974ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕಡತದ ಒಡೆಯ ಮತ್ತು ಇತರರು ಎಂಬ ಎರಡೇ ವರ್ಗಗಳಿದ್ದವು. 1978ರ ಪರಿಷ್ಕೃತ ರೂಪದಲ್ಲಿ ನಡುವೆ ಗುಂಪು ಎಂಬ ಮೂರನೆಯ ವರ್ಗ ಕಾಣಿಸಿಕೊಂಡಿತು. ಕಳ್ಳಂಬೆಳ್ಳದಂತಹ ಊರಿನ ಕೆರೆಯನ್ನು ನೆನೆದರೆ ಇದು ಸುಲಭವಾಗಿ ಮನದಟ್ಟಾಗುತ್ತದೆ. ಕೆರೆಯನ್ನು ದಾರಿಹೋಕರೆಲ್ಲರೂ ನೋಡಬಹುದು. ನೀರಿನ ಹಕ್ಕು ಅಚ್ಚುಕಟ್ಟಿನ ರೈತರಿಗೆ ಮಾತ್ರ. ತೂಬಿಗೆ ಕೈಹಾಕುವವನು ನೀರುಗಂಟಿಯೊಬ್ಬನೇ.

ಯೂನಿಕ್ಸ್‌ನಲ್ಲಿ ಪ್ರತಿ ವರ್ಗಕ್ಕೂ ಓದುವ, ಬರೆಯುವ, ಚಾಲನೆಗೊಳಿಸುವ ಮೂರು ಅನುಮತಿಗಳುಂಟು. ಇವುಗಳ ಬೆಲೆ ಕ್ರಮವಾಗಿ 4, 2, 1. ಶಾಲೆಯ ಅಂಕಪಟ್ಟಿಗೆ 640 ಎಂದು ನಮೂದಿಸಿದರೆ, ಒಡೆಯರಾದ ಉಪಾಧ್ಯಾಯರು ಓದಿ ಬರೆಯಬಲ್ಲರು, ಗುಂಪಿಗೆ ಸೇರಿದ ಇತರ ಉಪಾಧ್ಯಾಯರು ಓದಬಲ್ಲರು, ಉಳಿದವರಿಗೆ ಪ್ರವೇಶವಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಕೇಳಿದಾತನು ಒಡೆಯನೇ ಆಗಿದ್ದರೆ ವ್ಯವಸ್ಥೆಯು ಒಡೆಯನ ಬಿಟ್‌ಗಳನ್ನಷ್ಟೇ ನೋಡುತ್ತದೆ. ಗುಂಪಿಗೆ ಹೆಚ್ಚಿನ ಅನುಮತಿಯಿದ್ದರೂ ಅದು ಅವನ ನೆರವಿಗೆ ಬಾರದು. ಕಡತವನ್ನು ಅಳಿಸುವ ಅಧಿಕಾರವಾದರೋ ಕಡತದಲ್ಲಿಲ್ಲ, ಅದಿರುವ ಕೋಶದಲ್ಲಿದೆ. ಹೊಸಬರು ಎಡವುವುದು ಇಲ್ಲಿಯೇ.

ಒಂದು ಕಡತಕ್ಕೆ ಒಂದೇ ಗುಂಪು ಎಂಬುದು ಈ ಸರಳತೆಗೆ ತೆತ್ತ ಬೆಲೆ. ಎರಡು ಗುಂಪುಗಳಿಗೆ ಎರಡು ಬಗೆಯ ಅಧಿಕಾರ ಬೇಕಾದಲ್ಲಿ ಒಂಬತ್ತು ಬಿಟ್‌ಗಳು ಸಾಲವು. ಮಲ್ಟಿಕ್ಸ್ ಮಾದರಿಯ ಪಟ್ಟಿಗಳು ಮುಂದೆ ಯೂನಿಕ್ಸ್ ಸಂತತಿಗೂ ಮರಳಿ ಬಂದವು. ಒಬ್ಬನೇ ಬಳಕೆದಾರ ಏಕಕಾಲದಲ್ಲಿ ಹಲವು ಗುಂಪುಗಳ ಸದಸ್ಯನಾಗುವ ಸೌಕರ್ಯವು 1983ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿಯ ಆವೃತ್ತಿಯಲ್ಲಿ ದೊರೆಯಿತು.

ರಿಚಿಯವರ ಸ್ವಂತ ಪ್ರತಿಭೆ ಎದ್ದು ಕಾಣುವುದು ಮತ್ತೊಂದು ಬಿಟ್‌ನಲ್ಲಿ. ರೈತ ತಾನೇ ತೂಬು ಎತ್ತುವಂತಿಲ್ಲ; ನೀರುಗಂಟಿಯನ್ನು ಕೇಳಿದರೆ ಅವನು ಕಟ್ಟಳೆಯಂತೆ ನೀರು ಬಿಡುತ್ತಾನೆ. ಹಾಗೆಯೇ ಈ ಬಿಟ್ ಇರುವ ಕ್ರಮವಿಧಿಯನ್ನು ಯಾರು ನಡೆಸಿದರೂ ಅದು ತನ್ನ ಒಡೆಯನ ಅಧಿಕಾರದಿಂದಲೇ ನಡೆಯುತ್ತದೆ. ತನ್ನ ಗುಪ್ತಪದವನ್ನು ಬದಲಿಸುವ ಸಾಮಾನ್ಯ ಬಳಕೆದಾರನಿಗೆ, ಎಲ್ಲರ ಗುಪ್ತಪದಗಳಿರುವ ಕಡತವನ್ನು ಮುಟ್ಟಗೊಡದೆಯೇ ಕೆಲಸ ನೆರವೇರುವುದು ಇದರಿಂದಲೇ. ಇದಕ್ಕೆ 1979ರಲ್ಲಿ ರಿಚಿಯವರ ಹೆಸರಿನಲ್ಲಿ ಪೇಟೆಂಟ್ ದೊರೆಯಿತು. ಬಳಿಕ ಅದನ್ನು ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟುಕೊಡಲಾಯಿತು.

1983ರಲ್ಲಿ ಥಾಂಪ್ಸನ್ನರೊಡನೆ ಟ್ಯೂರಿಂಗ್ ಪ್ರಶಸ್ತಿ, 2011ರಲ್ಲಿ ಜಪಾನ್ ಪ್ರಶಸ್ತಿ ರಿಚಿಯವರಿಗೆ ಸಂದವು. 2007ರಲ್ಲಿ ನಿವೃತ್ತರಾದ ಅವರು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನಲ್ಲಿ ಒಬ್ಬರೇ ವಾಸಿಸುತ್ತಿದ್ದರು. 2011ರ ಅಕ್ಟೋಬರ್ 12ರಂದು ಅವರು ತಮ್ಮ ಮನೆಯಲ್ಲಿ ನಿಧನರಾಗಿದ್ದುದು ತಿಳಿದುಬಂದಿತು. ಆಗ ಅವರಿಗೆ 70 ವರ್ಷ.